ಕಳೆದುಹೋದ ಸಾಕುಪ್ರಾಣಿ: ಹುಡುಕಾಟ ಮನೆಯ ಬಾಗಿಲಿನಿಂದಲೇ ಆರಂಭವಾಗಲಿ

ಬೆಂಗಳೂರು: ದೀಪಾವಳಿಯ ರಾತ್ರಿ ಪಟಾಕಿಯ ಅಬ್ಬರ ಅಡಗುವ ಹೊತ್ತಿಗೆ ನಗರದ ಬಡಾವಣೆಗಳಲ್ಲಿ ಇನ್ನೊಂದು ದನಿ ಕೇಳಿಬರುತ್ತದೆ. ಸಾಕಿದ ನಾಯಿಯ ಹೆಸರು ಹಿಡಿದು ಕೂಗುತ್ತಾ ಬೀದಿ ಬೀದಿ ಅಲೆಯುವವರ ದನಿ ಅದು. ಮನುಷ್ಯನ ಕಿವಿ ಸುಮಾರು 20 ಸಾವಿರ ಹರ್ಟ್ಸ್‌ವರೆಗಿನ ಶಬ್ದವನ್ನು ಗ್ರಹಿಸಿದರೆ, ನಾಯಿಯದು ಸುಮಾರು 45 ಸಾವಿರ ಹರ್ಟ್ಸ್‌ವರೆಗೂ ಗ್ರಹಿಸಬಲ್ಲದು. ಇಷ್ಟು ಸೂಕ್ಷ್ಮ ಕಿವಿಯ ಪ್ರಾಣಿಗೆ ಸರಪಟಾಕಿಯ ಸದ್ದು ಸಹಿಸಲಸಾಧ್ಯ. ಗೇಟು ತೆರೆದಿದ್ದರೆ ಸಾಕು, ಅದು ದಿಕ್ಕು ನೋಡದೆ ಓಡುತ್ತದೆ.

ಕಳೆದುಹೋದ ಪ್ರಾಣಿ ಮರಳಿ ಸಿಗುವುದು ಕೇವಲ ಅದೃಷ್ಟ ಎಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಅಧ್ಯಯನಗಳು ಬೇರೆಯದನ್ನೇ ಹೇಳುತ್ತವೆ. ಅಮೆರಿಕದಲ್ಲಿ ನಾಯಿ, ಬೆಕ್ಕು ಸಾಕಿದ ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಸಂದರ್ಶಿಸಿ 2012ರಲ್ಲಿ ಪ್ರಕಟಿಸಲಾದ ಅಧ್ಯಯನದ ಪ್ರಕಾರ, ಕಳೆದುಹೋದ ನಾಯಿಗಳಲ್ಲಿ ಶೇ 93ರಷ್ಟು ಹಾಗೂ ಬೆಕ್ಕುಗಳಲ್ಲಿ ಶೇ 75ರಷ್ಟು ಮರಳಿ ಸಿಕ್ಕಿದ್ದವು. ಸಿಕ್ಕ ನಾಯಿಗಳಲ್ಲಿ ಅರ್ಧದಷ್ಟು ಪತ್ತೆಯಾದದ್ದು ನೆರೆಹೊರೆಯಲ್ಲಿ ನಡೆಸಿದ ಹುಡುಕಾಟದಿಂದ. ಅಲ್ಲಿನ ಪರಿಸ್ಥಿತಿ ನಮ್ಮ ನಗರಗಳಿಗಿಂತ ಭಿನ್ನವೆಂಬುದು ನಿಜ. ಆದರೂ ಕೈಕಟ್ಟಿ ಕಾಯುವುದಕ್ಕಿಂತ ಹತ್ತಿರದಲ್ಲೇ ಹುಡುಕುವುದು ಫಲಕಾರಿ ಎಂಬ ಪಾಠ ಎಲ್ಲೆಡೆಗೂ ಅನ್ವಯಿಸುತ್ತದೆ.

ಬೆಕ್ಕು ಅಡಗುತ್ತದೆ, ನಾಯಿ ಓಡುತ್ತದೆ

ಎರಡೂ ಪ್ರಾಣಿಗಳ ಸ್ವಭಾವ ಬೇರೆಯಾದ್ದರಿಂದ ಹುಡುಕುವ ಕ್ರಮವೂ ಬೇರೆಯಾಗಬೇಕು. ಕಳೆದುಹೋದ 1,210 ಬೆಕ್ಕುಗಳನ್ನು ಕುರಿತು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಿಕ್ಕ ಬೆಕ್ಕುಗಳಲ್ಲಿ ಶೇ 75ರಷ್ಟು ತಪ್ಪಿಸಿಕೊಂಡ ಸ್ಥಳದಿಂದ 500 ಮೀಟರ್ ಒಳಗೇ ಇದ್ದವು. ಹೆದರಿದ ಬೆಕ್ಕು ದೂರ ಹೋಗುವುದಕ್ಕಿಂತ ಸಂದಿಯಲ್ಲಿ ಅಡಗಿ ಕೂರುವುದೇ ಹೆಚ್ಚು. ಮನೆಯವರು ಎಷ್ಟು ಕೂಗಿದರೂ ಅದು ಓಗೊಡದಿರಬಹುದು. ಆದ್ದರಿಂದ ಪಕ್ಕದ ಮನೆಯ ಶೆಡ್ಡು, ನೀರಿನ ತೊಟ್ಟಿಯ ಹಿಂಬದಿ, ನಿಂತ ವಾಹನಗಳ ಅಡಿ, ಮಾಳಿಗೆ, ಚರಂಡಿಯ ಕಿಂಡಿಗಳನ್ನು ಟಾರ್ಚ್ ಹಿಡಿದು ನೋಡಬೇಕು. ಕತ್ತಲಲ್ಲಿ ಬೆಕ್ಕಿನ ಕಣ್ಣು ಬೆಳಕನ್ನು ಪ್ರತಿಫಲಿಸುವುದರಿಂದ ರಾತ್ರಿಯ ಹುಡುಕಾಟ ಅನುಕೂಲಕರ. ಮೂರು ದಿನ ಕಳೆಯಿತೆಂದು ಆಸೆ ಬಿಡಬೇಕಿಲ್ಲ; ಇದೇ ಅಧ್ಯಯನದಲ್ಲಿ ಮೊದಲ ವಾರದೊಳಗೆ ಸಿಕ್ಕದ್ದು ಮೂರನೇ ಒಂದರಷ್ಟು ಬೆಕ್ಕುಗಳು. ವರ್ಷದೊಳಗೆ ಆ ಪ್ರಮಾಣ ಶೇ 61ಕ್ಕೆ ಏರಿತ್ತು.

ನಾಯಿಯ ವಿಷಯದಲ್ಲಿ ಹುಡುಕಾಟದ ವ್ಯಾಪ್ತಿ ಹಿರಿದಾಗಬೇಕು. ನಸುಕಿನಲ್ಲೇ ಬೀದಿಗಿಳಿಯುವ ಹಾಲಿನವರು, ಪತ್ರಿಕೆ ಹಂಚುವ ಹುಡುಗರು, ಪೌರಕಾರ್ಮಿಕರು, ಆಟೊ ಚಾಲಕರು ಹಾಗೂ ಕಾವಲುಗಾರರಿಗೆ ಫೋಟೊ ತೋರಿಸಿದರೆ ಸುಳಿವು ಬೇಗ ದೊರೆಯುತ್ತದೆ. ಗಾಬರಿಗೊಂಡ ನಾಯಿ ಯಜಮಾನನನ್ನು ಕಂಡೂ ದೂರ ಸರಿಯುವುದುಂಟು. ಅದನ್ನು ಬೆನ್ನಟ್ಟಬಾರದು. ಬೆನ್ನಟ್ಟಿದರೆ ವಾಹನಗಳ ನಡುವೆ ನುಗ್ಗುವ ಅಪಾಯವಿದೆ. ನೆಲದ ಮೇಲೆ ಕುಳಿತು, ಮೆಲುದನಿಯಲ್ಲಿ ಮಾತನಾಡಿ, ಅದಕ್ಕೆ ಇಷ್ಟವಾದ ತಿನಿಸು ತೋರಿಸಿ ಅದಾಗಿಯೇ ಬರುವಂತೆ ಮಾಡುವುದು ಸೂಕ್ತ.

ಪಟ್ಟಿಯಿಲ್ಲದ ನಾಯಿ ಬೀದಿನಾಯಿ

ತಡ ಮಾಡಬಾರದೆನ್ನಲು ಇನ್ನೊಂದು ಗಂಭೀರ ಕಾರಣವಿದೆ. ಕೊರಳಲ್ಲಿ ಪಟ್ಟಿಯಿಲ್ಲದ ನಾಯಿ ನೋಡುವವರ ಕಣ್ಣಿಗೆ ಬೀದಿನಾಯಿಯೇ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳಂತೆ ಹಿಡಿದ ಬೀದಿನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬಿಸ್ ಲಸಿಕೆ ಹಾಕಿ, ಕಿವಿಗೆ ಗುರುತು ಮಾಡಿ ಹಿಡಿದ ಜಾಗದಲ್ಲೇ ಬಿಡಲಾಗುತ್ತದೆ. ಸಾಕಿದ ನಾಯಿ ಹೀಗೆ ಸಿಕ್ಕಿಬಿದ್ದರೆ ಅದು ಮರಳುವುದು ಸಿಕ್ಕಿಬಿದ್ದ ಬೀದಿಗೇ ಹೊರತು ಮನೆಗಲ್ಲ. ಇದಲ್ಲದೆ, ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ಹಾಗೂ ರೈಲು ನಿಲ್ದಾಣಗಳ ಆವರಣದಲ್ಲಿ ಹಿಡಿದ ಬೀದಿನಾಯಿಗಳನ್ನು ಮತ್ತೆ ಅಲ್ಲಿಗೆ ಬಿಡದೆ ಆಶ್ರಯಕೇಂದ್ರಗಳಿಗೆ ಸಾಗಿಸುವಂತೆ ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರಂದು ಆದೇಶಿಸಿತು. ಆದ್ದರಿಂದ ನಾಯಿ ಕಾಣೆಯಾದ ದಿನವೇ ಸ್ಥಳೀಯ ಪಾಲಿಕೆಯ ಪಶುಪಾಲನಾ ವಿಭಾಗ, ಸಂತಾನಹರಣ ಕೇಂದ್ರ, ಪ್ರಾಣಿ ದಯಾ ಸಂಸ್ಥೆಗಳು ಮತ್ತು ಸಮೀಪದ ಪಶುವೈದ್ಯರಿಗೆ ಫೋಟೊ ಸಹಿತ ಮಾಹಿತಿ ನೀಡಬೇಕು. ಸಾಧ್ಯವಾದರೆ ಖುದ್ದಾಗಿ ಹೋಗಿ ನೋಡಬೇಕು. ಫೋನಿನಲ್ಲಿ ಹೇಳಿದ ವರ್ಣನೆಯಿಂದ ನಾಯಿಯನ್ನು ಗುರುತಿಸುವುದು ಅಲ್ಲಿನ ಸಿಬ್ಬಂದಿಗೆ ಸುಲಭವಲ್ಲ.

ಅಕ್ಕಿಕಾಳಿನಷ್ಟು ಚಿಪ್

ಭುಜದ ಮೂಳೆಗಳ ನಡುವೆ ಚರ್ಮದಡಿ ಸೇರಿಸುವ ಮೈಕ್ರೋಚಿಪ್ ಅಕ್ಕಿಕಾಳಿಗಿಂತ ಹೆಚ್ಚು ದೊಡ್ಡದಲ್ಲ. ಅದರಲ್ಲಿ ಬ್ಯಾಟರಿ ಇರುವುದಿಲ್ಲ. ಸ್ಕ್ಯಾನರ್ ಹತ್ತಿರ ಹಿಡಿದಾಗ 15 ಅಂಕಿಗಳ ಸಂಖ್ಯೆಯನ್ನು ಅದು ತಿಳಿಸುತ್ತದೆ, ಅಷ್ಟೆ. ಪ್ರಾಣಿ ಎಲ್ಲಿದೆ ಎಂದು ಅದು ಹೇಳುತ್ತದೆಂಬ ತಿಳಿವಳಿಕೆ ತಪ್ಪು. ಆದರೂ ಅದರ ಪ್ರಯೋಜನ ಅಲ್ಪವಲ್ಲ. ಅಮೆರಿಕದ 53 ಆಶ್ರಯಕೇಂದ್ರಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಚಿಪ್ ಇದ್ದ ನಾಯಿಗಳಲ್ಲಿ ಶೇ 52ರಷ್ಟು ಮನೆ ಸೇರಿದ್ದರೆ, ಅಲ್ಲಿಗೆ ಬಂದ ಒಟ್ಟು ದಾರಿತಪ್ಪಿದ ನಾಯಿಗಳಲ್ಲಿ ಮನೆ ಸೇರಿದ್ದು ಶೇ 22ರಷ್ಟು ಮಾತ್ರ. ಚಿಪ್ ಇದ್ದೂ ಮಾಲೀಕರು ಸಿಗದೇ ಹೋಗಲು ಮುಖ್ಯ ಕಾರಣಗಳಲ್ಲೊಂದು ದಾಖಲೆಯಲ್ಲಿದ್ದ ತಪ್ಪು ಅಥವಾ ಸ್ಥಗಿತಗೊಂಡ ದೂರವಾಣಿ ಸಂಖ್ಯೆ. ಮೊಬೈಲ್ ಸಂಖ್ಯೆ ಬದಲಾದಾಗ ಬ್ಯಾಂಕಿಗೆ ತಿಳಿಸುವಂತೆ ಚಿಪ್ ನೋಂದಣಿಯಲ್ಲೂ ತಿದ್ದಿಸಬೇಕು. ಕೊರಳಪಟ್ಟಿಯ ಮೇಲೆ ಸಂಖ್ಯೆ ಬರೆಸಲು ಸ್ಕ್ಯಾನರ್ ಕೂಡ ಬೇಕಿಲ್ಲ.

ವಂಚಕರ ಬಗ್ಗೆ ಎಚ್ಚರ

ನಾಯಿ ಸಿಕ್ಕಿದೆ, ಮೊದಲು ಹಣ ಕಳುಹಿಸಿ ಎಂಬ ಕರೆ ಬಂದರೆ ಆತುರಪಡಬಾರದು. ಪ್ರಕಟಣೆಯಲ್ಲಿ ಪ್ರಾಣಿಯ ಒಂದು ಗುರುತನ್ನು ಗುಟ್ಟಾಗಿ ಉಳಿಸಿಕೊಂಡು, ಕರೆ ಮಾಡಿದವರಿಂದ ಅದನ್ನು ಕೇಳಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಪ್ರಾಣಿ ಮನೆಗೆ ಬಂದ ಮೇಲೆ ಪಶುವೈದ್ಯರಿಗೆ ತೋರಿಸುವುದನ್ನು ಮರೆಯಬಾರದು. ಮೈಮೇಲೆ ಕಚ್ಚಿದ ಗಾಯವಿದ್ದರೆ ಹಿಂದೆ ಲಸಿಕೆ ಹಾಕಿಸಿದ್ದರೂ ರೇಬಿಸ್ ಲಸಿಕೆ ಮತ್ತೆ ಬೇಕಾಗಬಹುದು.

ಪ್ರಾಣಿಗೆ ತನ್ನ ವಿಳಾಸ ಹೇಳಲು ಬಾರದು. ಅದನ್ನು ಕೊರಳಿಗೆ ಕಟ್ಟಿ ಕಳುಹಿಸುವ ಹೊಣೆ ಸಾಕಿದವರದು. ಮುಂದಿನ ದೀಪಾವಳಿಗೆ ಪಟಾಕಿ ಕೊಳ್ಳುವ ಮುನ್ನ ಆ ಪಟ್ಟಿಯೊಂದನ್ನು ಕೊಂಡರೆ, ಬೀದಿಯಲ್ಲಿ ಹೆಸರು ಕೂಗುತ್ತಾ ಅಲೆಯುವ ರಾತ್ರಿ ತಪ್ಪೀತು.