ಗರಡಿಯ ನೇಮ

‘ವ್ಯಾಯಾಮ’ ಮತ್ತು ‘ನಿಯಮ’ ಎಂಬೆರಡು ಶಬ್ದಗಳೂ ಸಂಸ್ಕೃತದ ‘ಯಮ್’ ಎಂಬ ಒಂದೇ ಧಾತುವಿನಿಂದ ಹುಟ್ಟಿದವು. ಹಿಡಿತದಲ್ಲಿಡುವುದು ಎಂಬುದು ಆ ಧಾತುವಿನ ಮುಖ್ಯಾರ್ಥ. ‘ವಿ’, ‘ಆ’ ಎಂಬ ಉಪಸರ್ಗಗಳು ಸೇರಿದಾಗ ಅಂಗಾಂಗಗಳನ್ನು ನೀಡಿ ಚಾಚುವ ಶ್ರಮವೆಂಬ ಅರ್ಥವೂ, ‘ನಿ’ ಸೇರಿದಾಗ ಕಟ್ಟುಪಾಡೆಂಬ ಅರ್ಥವೂ ಬರುತ್ತವೆ. ಈ ನಿಯಮವೇ ಕನ್ನಡದಲ್ಲಿ ನೇಮವಾಯಿತು. ಒಡಹುಟ್ಟಿದ ಇವೆರಡನ್ನು ಅಗಲಿಸಿದವರ ಸಾಧನೆ ಬಹುಕಾಲ ನಿಲ್ಲದು. ಹೊಸ ವರ್ಷದ ಮೊದಲ ವಾರದಲ್ಲಿ ಪಟ್ಟಣದ ವ್ಯಾಯಾಮಶಾಲೆಗಳಲ್ಲಿ ನೆರೆಯುವ ಸಂದಣಿಯೂ, ಎರಡು ತಿಂಗಳ ಅನಂತರ ಅಲ್ಲಿ ಕಾಣುವ ಬರಿಯ ಗೋಡೆಗಳೂ ಇದಕ್ಕೆ ಸಾಕ್ಷಿ.

ಅಲಂಕಾರಶಾಸ್ತ್ರದಲ್ಲಿ ಉತ್ಸಾಹವು ವೀರರಸದ ಸ್ಥಾಯಿಭಾವ. ಆಲಸ್ಯವು ಮೂವತ್ತಮೂರು ಸಂಚಾರಿಭಾವಗಳಲ್ಲೊಂದು. ಕಾವ್ಯದಲ್ಲಿ ಈ ವಿಭಾಗ ಸರಿಯೇ. ಆದರೆ ಮುಂಜಾನೆಯ ಚಳಿಯಲ್ಲಿ ಹಾಸಿಗೆ ಬಿಟ್ಟೇಳಬೇಕಾದ ಹುಡುಗನ ಪಾಲಿಗೆ ಉತ್ಸಾಹವೂ ಸಂಚಾರಿಯೇ. ಬಂದ ದಿನ ಬರುತ್ತದೆ, ಹೋದ ದಿನ ಹೋಗುತ್ತದೆ. ಹಾಗೆ ಹೋದ ದಿನ ಏನು ಮಾಡಬೇಕೆಂಬುದನ್ನು ನಮ್ಮ ಗರಡಿಮನೆಗಳು ಉಪದೇಶದಿಂದಲ್ಲ, ತಮ್ಮ ಕೆಲಸದ ಕ್ರಮದಿಂದಲೇ ಕಲಿಸಿದವು.

ಗರಡಿಯಲ್ಲಿ ಮೊದಲ ಕೆಲಸ ಮಟ್ಟಿಯನ್ನು ಅಗೆಯುವುದು. ಜರಡಿ ಹಿಡಿದು, ಎಣ್ಣೆ, ಅರಿಸಿನ ಮೊದಲಾದುವನ್ನು ಬೆರೆಸಿ ಹದಗೊಳಿಸಿದ ಆ ಕೆಮ್ಮಣ್ಣು ಹಿಂದಿನ ದಿನದ ತುಳಿತದಿಂದ ಗಟ್ಟಿಯಾಗಿರುತ್ತದೆ. ಅದನ್ನು ಸಡಿಲಿಸದೆ ಕುಸ್ತಿಗಿಳಿಯುವಂತಿಲ್ಲ. ಗುದ್ದಲಿ ಹಿಡಿಯಲು ಯಾರಿಗೂ ಉತ್ಸಾಹ ಬೇಕಾಗಿಲ್ಲ, ಕೈಯಿದ್ದರೆ ಸಾಕು. ನಾಲ್ಕು ಸಾಲು ಅಗೆಯುವಷ್ಟರಲ್ಲಿ ಮೈ ಬಿಸಿಯೇರಿ, ಉಸಿರು ದೀರ್ಘವಾಗಿ, ಮನೆಯಿಂದ ಹೊರಡುವಾಗ ಇದ್ದ ಜಡತೆ ತಾನಾಗಿ ಸರಿಯುತ್ತದೆ. ಮನಸ್ಸು ಒಪ್ಪಿದ ಮೇಲೆ ದೇಹವನ್ನು ಹೂಡುವುದಲ್ಲ; ದೇಹವನ್ನು ಹೂಡಿದ ಮೇಲೆ ಮನಸ್ಸು ಹಿಂದೆ ಬರುವುದು. ಜೊತೆಗೆ, ಒಬ್ಬ ಅಗೆದ ಮಣ್ಣಿನಲ್ಲಿ ಎಲ್ಲರೂ ಆಡಬೇಕು. ಬಾರದವನ ಜೋಡಿ ಅಂದು ಒಂಟಿಯಾಗುತ್ತಾನೆ. ಮೈಗಳ್ಳತನಕ್ಕೆ ಉಸ್ತಾದರ ಬೈಗುಳಕ್ಕಿಂತ ಜೊತೆಗಾರನ ಈ ಒಂಟಿತನವೇ ಹೆಚ್ಚಿನ ಮದ್ದು.

ಕ್ರಿ. ಶ. 1129ರ ಸುಮಾರಿನಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಪ್ರಕರಣವಿದೆ. ಬಸವಣ್ಣನವರ ಕಾಲಕ್ಕೆ ಕೆಲವೇ ದಶಕಗಳ ಹಿಂದಿನ ಮಾತು ಇದು. ಮರಳು ತುಂಬಿದ ಚೀಲವನ್ನೆತ್ತುವ ಭಾರಶ್ರಮ, ನಡೆದಾಡುವ ಭ್ರಮಣಶ್ರಮ, ನೀರಿನಲ್ಲಿ ಈಜುವ ಸಲಿಲಶ್ರಮ, ಕಂಬವನ್ನಾಶ್ರಯಿಸಿದ ಸ್ತಂಭಶ್ರಮ ಎಂದು ಅಲ್ಲಿ ಮಲ್ಲರ ಅಭ್ಯಾಸಗಳನ್ನು ವಿಂಗಡಿಸಿದೆ. ಹೆಸರುಗಳನ್ನು ಗಮನಿಸಬೇಕು: ನೋಡುವ ಅರಸನಿಗೆ ಅದು ವಿನೋದ, ಮಾಡುವ ಮಲ್ಲನಿಗೆ ಶ್ರಮ. ದಿನವೂ ಹರ್ಷದಿಂದಿರಬೇಕೆಂದು ಮಲ್ಲನಿಂದ ಯಾರೂ ನಿರೀಕ್ಷಿಸಲಿಲ್ಲ.

ಮನಸ್ಸಿಲ್ಲದ ದಿನ ಎಷ್ಟು ಮಾಡಬೇಕು? ಇಲ್ಲಿ ಆಯುರ್ವೇದದ ಮಾತು ಬಹಳ ಉಪಯುಕ್ತ. ಬಲವಂತನೂ ತನ್ನ ಶಕ್ತಿಯ ಅರ್ಧದಷ್ಟೇ ವ್ಯಾಯಾಮ ಮಾಡಬೇಕೆಂದು ಸುಶ್ರುತನೂ ವಾಗ್ಭಟನೂ ವಿಧಿಸುತ್ತಾರೆ. ಹಣೆ, ಮೂಗು, ಕೀಲುಗಳಲ್ಲಿ ಬೆವರೊಡೆದು ಬಾಯಿ ಒಣಗತೊಡಗಿದರೆ ಅರ್ಧಶಕ್ತಿ ಮುಗಿಯಿತೆಂದು ತಿಳಿಯಬೇಕು. ಚಳಿಗಾಲ ಮತ್ತು ವಸಂತಗಳಲ್ಲಿ ಇಷ್ಟು. ಉಳಿದ ಋತುಗಳಲ್ಲಿ ಇನ್ನೂ ಕಡಿಮೆ. ಅತಿಯಾಗಿ ದಣಿಯುವವನು ಆನೆಯನ್ನೆಳೆಯಹೋದ ಸಿಂಹದಂತೆ ಕೆಡುವನೆಂದು ವಾಗ್ಭಟನ ಎಚ್ಚರಿಕೆ. ಮೊದಲ ವಾರದ ಹುಮ್ಮಸ್ಸಿನಲ್ಲಿ ಇನ್ನೂರು ಬಸ್ಕಿ ಹೊಡೆದು, ಮರುದಿನ ಮೆಟ್ಟಿಲಿಳಿಯಲಾರದೆ ಗೋಡೆ ಹಿಡಿಯುವ ತರುಣರನ್ನು ಕಂಡವರಿಗೆ ಈ ಮಾತಿನ ಬೆಲೆ ತಿಳಿದೀತು. ಅವರನ್ನು ಗರಡಿಯಿಂದ ಓಡಿಸಿದ್ದು ಆಲಸ್ಯವಲ್ಲ, ಮಿತಿಯಿಲ್ಲದ ಉತ್ಸಾಹವೇ.

ಇಂದಿನ ಶರೀರವಿಜ್ಞಾನವೂ ಇದಕ್ಕೆ ಹತ್ತಿರದ ಮಾತನ್ನೇ ಹೇಳುತ್ತದೆ. ಬಲವನ್ನು ಗಳಿಸಲು ಬೇಕಾಗುವಷ್ಟು ಶ್ರಮ ಅದನ್ನು ಉಳಿಸಿಕೊಳ್ಳಲು ಬೇಕಾಗದು. ಪೂರ್ಣವಾಗಿ ಬಿಟ್ಟರೆ ಮಾತ್ರ ಕೆಲವೇ ವಾರಗಳಲ್ಲಿ ಮೊದಲು ದಮ್ಮು, ಆಮೇಲೆ ಸ್ನಾಯುಬಲ ಕುಗ್ಗುತ್ತವೆ. ಆದುದರಿಂದ ಐವತ್ತು ದಂಡ ತೆಗೆಯುವವನು ಬೇಸರದ ದಿನ ಹತ್ತನ್ನು ತೆಗೆದರೂ ಗಳಿಕೆ ಕೈಬಿಡದು; ಹೊತ್ತು ಮಾತ್ರ ತಪ್ಪಬಾರದು. ಜ್ವರ, ಅಜೀರ್ಣ, ಗಾಯಗಳಿದ್ದರೆ ವಿಶ್ರಾಂತಿಯೇ ನಿಯಮ. ಅದನ್ನು ಸೋಮಾರಿತನವೆಂದು ಹೀಯಾಳಿಸುವುದು ಅವಿವೇಕ.

ಮಠದಲ್ಲಿ ಬೆಳೆದ ವಿದ್ಯಾರ್ಥಿಗೆ ಇದಾವುದೂ ಹೊಸತಲ್ಲ. ಮಿಂದು ಇಷ್ಟಲಿಂಗ ಪೂಜೆಗೆ ಕುಳಿತುಕೊಳ್ಳುವವನು ಇಂದು ಮನಸ್ಸಿದೆಯೇ ಎಂದು ತನ್ನನ್ನು ಕೇಳಿಕೊಳ್ಳುವುದಿಲ್ಲ. ಆದರೂ ಶಾಲೆ ಬಿಟ್ಟು ಉದ್ಯೋಗಕ್ಕೆ ಸೇರಿದ ಕೆಲವೇ ವರ್ಷಗಳಲ್ಲಿ ಪೂಜೆಯನ್ನು ಉಳಿಸಿಕೊಂಡು ಸಾಮನ್ನು ಬಿಟ್ಟವರು ಬಹಳ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ: ಕರಡಿಗೆ ಕೊರಳಲ್ಲಿಯೇ ಬರುತ್ತದೆ, ಮಟ್ಟಿಯೂ ಜೊತೆಗಾರನೂ ಹಿಂದೆಯೇ ಉಳಿಯುತ್ತಾರೆ. ಊರಿಗೆ ಬಂದಾಗ ಹಳೆಯ ಮೂವರು ಜೊತೆಗಾರರು ಒಂದು ಹೊತ್ತನ್ನು ಗೊತ್ತುಮಾಡಿಕೊಂಡರೂ ಸಾಕು, ಮತ್ತೆ ಆರಂಭವಾದೀತು.

ಶಾಲೆಗಳಿಗೆ ಕಬ್ಬಿಣದ ಸಲಕರಣೆಗಳನ್ನು ಕೊಡಿಸುವ ಉದಾರಿಗಳು ನಾಡಿನಲ್ಲಿ ಕಡಿಮೆಯಿಲ್ಲ. ಸಲಕರಣೆಯ ಮೇಲೆ ಅವರ ಹೆಸರನ್ನು ಬರೆಸುವುದೂ ಉಂಟು. ಮುಂಜಾನೆ ಐದೂವರೆಗೆ ಬಂದು ಬಾಗಿಲು ತೆರೆದು, ಹಾಜರಿ ಕೂಗಿ, ಬಾರದವನ ಕೊಠಡಿಗೆ ಆಳು ಕಳುಹಿಸುವ ವ್ಯಾಯಾಮ ಶಿಕ್ಷಕನ ಸಂಬಳಕ್ಕೆ ದತ್ತಿಯಿಡುವವರು ಮಾತ್ರ ವಿರಳ. ಅಂಥ ಒಬ್ಬನಿಲ್ಲದ ಕಡೆ ಬೀಗದ ಕೈ ಜವಾನನ ಬಳಿ ಇರುತ್ತದೆ, ಅವನು ಬರುವುದು ಹತ್ತು ಗಂಟೆಗೆ.