ತಲೆ ಯಾರದು?

ತಲೆಗೆ ಏನನ್ನು ತೊಡಬೇಕೆಂದು ಪ್ರಭುತ್ವವು ವಿಧಿಸಬಹುದೆ ಎಂಬ ಪ್ರಶ್ನೆ ನಮ್ಮ ದಂಡುಪ್ರದೇಶಕ್ಕಿಂತಲೂ ಹಳೆಯದು. ಬೆಂಗಳೂರಿನಲ್ಲಿ ಇಂಗ್ಲಿಷರ ದಂಡು ನೆಲೆಗೊಂಡದ್ದು ೧೮೦೯ರಲ್ಲಿ. ಅದಕ್ಕೆ ಮೂರು ವರ್ಷ ಮೊದಲು, ೧೮೦೬ರ ಜುಲೈ ತಿಂಗಳಿನಲ್ಲಿ, ಮದರಾಸು ಸೇನೆಯ ಸಿಪಾಯಿಗಳು ವೆಲ್ಲೂರಿನ ಕೋಟೆಯಲ್ಲಿ ದಂಗೆಯೆದ್ದರು. ಕಾರಣಗಳು ಹಲವಿದ್ದವು, ಕಿಡಿಯಾದದ್ದು ಮಾತ್ರ ಒಂದು ರುಮಾಲು. ಹಣೆಯ ಮೇಲಿನ ಜಾತಿಲಾಂಛನಗಳನ್ನು ಅಳಿಸಿ, ಗಡ್ಡವನ್ನು ತೆಗೆದು, ತೊಗಲಿನ ಬಿಲ್ಲೆಯುಳ್ಳ ಹೊಸ ಮಾದರಿಯ ರುಮಾಲನ್ನು ಧರಿಸಬೇಕೆಂದು ಅಧಿಕಾರಿಗಳು ಕಟ್ಟಪ್ಪಣೆ ಮಾಡಿದ್ದರು. ತಮ್ಮ ಧರ್ಮಕ್ಕೆ ಕುಂದು ಬಂತೆಂದು ಸಿಪಾಯಿಗಳು ಪ್ರಾಣವನ್ನೇ ಒಡ್ಡಿದರು. ದಂಗೆಯನ್ನು ನಿಷ್ಕರುಣೆಯಿಂದ ಅಡಗಿಸಿದರೂ ಆ ರುಮಾಲಿನ ಆಜ್ಞೆಯನ್ನು ಮಾತ್ರ ಹಿಂತೆಗೆದುಕೊಳ್ಳಬೇಕಾಯಿತು.

ಅದೇ ಪ್ರಶ್ನೆ ಇಂದು ಬೇರೆ ವೇಷದಲ್ಲಿ ನಮ್ಮ ಮುಂದಿದೆ. ೧೯೮೮ರ ಮೋಟಾರು ವಾಹನ ಕಾಯಿದೆಯ ೧೨೯ನೆಯ ಕಲಮು ದ್ವಿಚಕ್ರ ವಾಹನದ ಸವಾರರಿಗೆ ಹೆಲ್ಮೆಟ್ಟನ್ನು ಕಡ್ಡಾಯ ಮಾಡಿದೆ. "ತಲೆ ನನ್ನದು, ಒಡೆದರೆ ಒಡೆಯುವುದೂ ನನ್ನದೇ. ನಡುವೆ ಸರ್ಕಾರದ್ದೇನು?" ಎಂದು ನನ್ನ ವಿದ್ಯಾರ್ಥಿಗಳು ವಾದಿಸುತ್ತಾರೆ.

ಈ ಮಾತನ್ನು ನಕ್ಕು ತಳ್ಳಿಹಾಕುವಂತಿಲ್ಲ. ಪರರಿಗೆ ಕೇಡಾಗುವುದನ್ನು ತಡೆಯುವುದಕ್ಕಲ್ಲದೆ, ಒಬ್ಬನ ಸ್ವಂತ ಹಿತಕ್ಕೆಂದು ಅವನನ್ನು ಬಲವಂತಪಡಿಸಬಾರದೆಂದು ಜಾನ್ ಸ್ಟುವರ್ಟ್ ಮಿಲ್ಲನು ೧೮೫೯ರಷ್ಟು ಹಿಂದೆಯೇ ಹೇಳಿದನು. ೧೯೭೩ರಲ್ಲಿ ಬ್ರಿಟನ್ನಿನಲ್ಲಿ ಹೆಲ್ಮೆಟ್ಟು ಕಡ್ಡಾಯವಾದಾಗ ಫ್ರೆಡ್ ಹಿಲ್ ಎಂಬ ವೃದ್ಧರು ಅದನ್ನು ಧರಿಸಲೂ ಒಪ್ಪಲಿಲ್ಲ, ದಂಡ ಕಟ್ಟಲೂ ಒಪ್ಪಲಿಲ್ಲ. ಮೇಲಿಂದ ಮೇಲೆ ಸೆರೆಮನೆಗೆ ಹೋಗಿ, ೧೯೮೪ರಲ್ಲಿ ಸೆರೆಯಲ್ಲಿಯೇ ತೀರಿಕೊಂಡರು. ಅವರ ಅಭಿಪ್ರಾಯವನ್ನು ಒಪ್ಪದವರೂ ಅವರ ನಿಷ್ಠೆಗೆ ತಲೆಬಾಗಬೇಕು. ನಮ್ಮಲ್ಲಿಯೂ ಆಂಧ್ರಪ್ರದೇಶದ ಹೆಲ್ಮೆಟ್ ನಿಯಮವು ಸಂಚಾರ ಸ್ವಾತಂತ್ರ್ಯಕ್ಕೆ ವಿರುದ್ಧವೆಂಬ ವಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ೧೯೮೮ರಲ್ಲಿ ನ್ಯಾಯಾಲಯವು ಅದನ್ನು ಒಪ್ಪಲಿಲ್ಲ.

ಹಾಗೆಂದು ಕಾನೂನಿಗೆ ತಲೆಯ ಮರ್ಯಾದೆ ತಿಳಿಯದೆಂದು ಹೇಳಲಾಗದು. ಹಲಸೂರು ಕೆರೆಯ ದಡದಲ್ಲಿರುವ ಗುರುದ್ವಾರಕ್ಕೆ ಬರುವ ಸಿಖ್ಖರು ಪೇಟ ಧರಿಸಿ ಬೈಕಿನ ಮೇಲೆ ಬಂದರೆ ಯಾರೂ ತಡೆಯುವಂತಿಲ್ಲ. ಅದೇ ೧೨೯ನೆಯ ಕಲಮು ಅವರಿಗೆ ವಿನಾಯಿತಿ ಕೊಟ್ಟಿದೆ. ವೆಲ್ಲೂರಿನ ಪಾಠವನ್ನು ಕಾನೂನು ಮರೆತಿಲ್ಲವೆಂದೇ ನನ್ನ ಎಣಿಕೆ.

ಆದರೆ ನಮ್ಮ ಸಾಮಾನ್ಯ ಸವಾರನ ಪರಿ ಬೇರೆ. ಅವನ ಹೆಲ್ಮೆಟ್ಟು ಮೊಳಕೈಗೆ ತೂಗಾಡುತ್ತಿರುತ್ತದೆ. ಇಂದಿರಾನಗರದ ನೂರಡಿ ರಸ್ತೆಯ ತಿರುವಿನಲ್ಲಿ ಪೊಲೀಸಿನವರು ಕಂಡೊಡನೆ ತಲೆಗೇರುತ್ತದೆ. ಗದ್ದದ ಪಟ್ಟಿ ಆಗಲೂ ಸಡಿಲವೇ. ಫ್ರೆಡ್ ಹಿಲ್ಲರಂತೆ ಇವನು ತತ್ತ್ವಕ್ಕಾಗಿ ಬರಿದಲೆಯಲ್ಲಿ ಸೆರೆಮನೆಗೆ ಹೋಗುವವನಲ್ಲ. ಅನೇಕರ ತಲೆಯ ಮೇಲಿರುವುದು ರಸ್ತೆಬದಿಯಲ್ಲಿ ಕೊಂಡ, ಕಿವಿಯನ್ನೂ ಮುಚ್ಚದ ಪ್ಲಾಸ್ಟಿಕ್ ಚಿಪ್ಪು. ಒಳ್ಳೆಯ ಹೆಲ್ಮೆಟ್ಟಿನ ಗುಟ್ಟಿರುವುದು ಗಟ್ಟಿ ಚಿಪ್ಪಿನ ಒಳಗಿನ ಥರ್ಮೋಕೋಲಿನಂತಹ ಪದರದಲ್ಲಿ. ಅದು ತಾನು ನಜ್ಜುಗುಜ್ಜಾಗಿ ಪೆಟ್ಟನ್ನು ನುಂಗಿ ಮೆದುಳನ್ನು ಕಾಯುತ್ತದೆ. ಆ ಪದರವೇ ಇಲ್ಲದ ಚಿಪ್ಪನ್ನು ಧರಿಸಿ ಪೊಲೀಸರಿಗೆ ಟೋಪಿ ಹಾಕಿದೆನೆಂದು ಹಿಗ್ಗುತ್ತಾನೆ. ಟೋಪಿ ಬಿದ್ದದ್ದು ಯಾರ ತಲೆಗೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕಿಂತ ಮನಸ್ಸನ್ನು ಕಲಕುವ ನೋಟವೊಂದುಂಟು. ಹಲಸೂರಿನಿಂದ ಕೃಷ್ಣರಾಜಪುರದ ಕಡೆಗೆ ಹೋಗುವ ಹಳೆಯ ಮದರಾಸು ರಸ್ತೆಯಲ್ಲಿ ಸಂಜೆ ಸ್ವಲ್ಪ ಹೊತ್ತು ನಿಂತರೆ ಸಾಕು. ಗಂಡನ ತಲೆಗೆ ಹೆಲ್ಮೆಟ್ಟು ಇರುತ್ತದೆ, ದಂಡದ ಭಯಕ್ಕೆ. ಸೀರೆಯುಟ್ಟು ಒಂದೇ ಮಗ್ಗುಲಿಗೆ ಕುಳಿತ ಹೆಂಡತಿಗಿಲ್ಲ. ಟ್ಯಾಂಕಿನ ಮೇಲೆ ಕುಳಿತ ಮಗುವಿಗಿಲ್ಲ. "ತಲೆ ನನ್ನದು" ಎಂಬ ವಾದ ಇಲ್ಲಿ ಯಾರ ಬಾಯಿಂದ ಬರಬೇಕು? ಆಕೆಯನ್ನು ಯಾರಾದರೂ ಕೇಳಿದ್ದರೆ? ಮಗುವಿಗೆ ಕೇಳುವ ವಯಸ್ಸೇ ಅಲ್ಲ. ಹಿಂಬದಿಯವರಿಗೂ ಹೆಲ್ಮೆಟ್ಟು ಬೇಕೆಂದು ೨೦೧೬ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಆಜ್ಞಾಪಿಸಿದಾಗ ಗೊಣಗಾಟಕ್ಕೆ ಕೊರತೆಯಿರಲಿಲ್ಲ. ನಾಲ್ಕು ವರ್ಷ ಮೀರಿದ ಮಕ್ಕಳ ತಲೆಯನ್ನು ೨೦೧೯ರ ತಿದ್ದುಪಡಿ ಕಾಯಿದೆ ಲೆಕ್ಕಕ್ಕೆ ತೆಗೆದುಕೊಂಡಿತು. ಮನೆಯೊಡೆಯನು ಮರೆತ ತಲೆಗಳನ್ನು ಕಾನೂನು ಎಣಿಸಬೇಕಾಯಿತೆಂಬುದು ನಾಚಿಕೆಯ ಸಂಗತಿಯಲ್ಲವೆ?

ಒಂಟಿಯಾಗಿ ಸಾಗುವವನ ತಲೆಯಾದರೂ ಅವನೊಬ್ಬನದೇ ಎನ್ನಲಾದೀತೆ? ನಿಮ್ಹಾನ್ಸ್ ಆಸ್ಪತ್ರೆಗೆ ತಲೆಗೆ ಪೆಟ್ಟಾದವರನ್ನು ಕರೆತಂದವರು ಹೊರಗೆ ಕಾಯುತ್ತಿರುತ್ತಾರೆ. ಒಡೆದದ್ದು ಒಂದೇ ತಲೆ. ಅದರ ಭಾರವನ್ನು ಇನ್ನು ವರ್ಷಗಟ್ಟಲೆ ಹೊರಬೇಕಾದವರು ಅವರು. ಮಿಲ್ಲನು ಹೇಳಿದ "ಪರರು" ಅಲ್ಲಿಯೇ ಕುಳಿತಿದ್ದಾರೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ೨೦೦೮ರ ಕಾಕ್ರೇನ್ ಸಮೀಕ್ಷೆಯು, ಹೆಲ್ಮೆಟ್ಟಿನಿಂದ ಸಾವಿನ ಅಪಾಯ ಸುಮಾರು ಶೇಕಡ ೪೨ರಷ್ಟೂ ತಲೆಪೆಟ್ಟಿನ ಅಪಾಯ ಶೇಕಡ ೬೯ರಷ್ಟೂ ತಗ್ಗುತ್ತದೆಂದು ಕಂಡುಕೊಂಡಿತು.

ಹೆಲ್ಮೆಟ್ಟಿಗೆ ನಮ್ಮ ನಿಘಂಟಿನಲ್ಲಿ ಶಿರಸ್ತ್ರಾಣವೆಂಬ ಮಾತಿದೆ. ತ್ರಾಣವೆಂದರೆ ಸಂಸ್ಕೃತದಲ್ಲಿ ರಕ್ಷಣೆ. ಕನ್ನಡಿಗರ ಬಾಯಲ್ಲಿ ಅದು ಶಕ್ತಿ. ಅವಮಾನದ ರುಮಾಲನ್ನು ಕಿತ್ತೊಗೆಯುವುದಕ್ಕೆ ತ್ರಾಣ ಬೇಕು, ನಿಜ. ನೋಡುವ ಪೊಲೀಸಿನವರಿಲ್ಲದ ರಸ್ತೆಯಲ್ಲಿ ಮೊದಲು ಮಗುವಿನ, ಆಮೇಲೆ ತನ್ನ ಗದ್ದದ ಪಟ್ಟಿಯನ್ನು ಬಿಗಿಯುವುದಕ್ಕೂ ಅದೇ ತ್ರಾಣ ಬೇಕು.