ಹೋಬಳಿ ಆಸ್ಪತ್ರೆಯ ಶುಶ್ರೂಷಕಿ

ಹೋಬಳಿಯ ಕೇಂದ್ರವಾದ ಯಾವುದಾದರೊಂದು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬೆಳಗಿನ ಹೊತ್ತು ಹೋಗಿ ನಿಂತರೆ, ಮೆಟ್ಟಿಲೇರಿ ಬರುವ ರೋಗಿಗಳ ಬಾಯಿಂದ ಮೊದಲು ಹೊರಡುವ ಪ್ರಶ್ನೆ ‘ಡಾಕ್ಟ್ರು ಬಂದವ್ರಾ?’ ಎಂಬುದು, ಅದರ ಬೆನ್ನಿಗೇ, ಹಲವು ವೇಳೆ ಅದಕ್ಕಿಂತಲೂ ಹೆಚ್ಚಿನ ಆತಂಕದಿಂದ ಬರುವ ಪ್ರಶ್ನೆ ‘ಸಿಸ್ಟರಮ್ಮ ಅವ್ರಾ?’ ಎಂಬುದು. ವೈದ್ಯರು ರೋಗವನ್ನು ನಿರ್ಣಯಿಸಿ ಚೀಟಿ ಬರೆದುಕೊಡುವ ಕೆಲವೇ ನಿಮಿಷಗಳನ್ನು ಬಿಟ್ಟರೆ, ರೋಗಿಯು ಆ ಕಟ್ಟಡದಲ್ಲಿ ಕಳೆಯುವ ಉಳಿದ ಕಾಲವೆಲ್ಲ ಈ ಸಿಸ್ಟರಮ್ಮನ ಕಣ್ಣಳವಿಯಲ್ಲಿಯೇ ಕಳೆಯುತ್ತದೆ. ಆದರೂ ಆಕೆಯನ್ನು ವೈದ್ಯರ ಕೈಗೆ ಸೂಜಿ ಕತ್ತರಿಗಳನ್ನು ಒದಗಿಸುವ ಸಹಾಯಕಿಯೆಂದಷ್ಟೇ ಭಾವಿಸುವ ಅಭ್ಯಾಸ ನಮ್ಮಲ್ಲಿ ಬಲವಾಗಿ ಬೇರೂರಿದೆ. ಇದು ಆಕೆಗೆ ಮಾಡುವ ಅನ್ಯಾಯವಷ್ಟೇ ಅಲ್ಲದೆ, ಚಿಕಿತ್ಸೆಯೆಂಬುದು ನಡೆಯುವ ಬಗೆಯನ್ನೇ ತಪ್ಪಾಗಿ ತಿಳಿದಂತೆ ಎಂದು ನಾನು ದೃಢವಾಗಿ ನಂಬುತ್ತೇನೆ.

ಈ ಕೇಂದ್ರಗಳಿಗೆ ಒಂದು ಪೂರ್ವೇತಿಹಾಸವುಂಟು. ಮೈಸೂರು ಸಂಸ್ಥಾನವು ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನೊಡನೆ ಮಂಡ್ಯದಲ್ಲಿ 1929ರಷ್ಟು ಹಿಂದೆಯೇ ಗ್ರಾಮಾಂತರ ಆರೋಗ್ಯ ಘಟಕವೊಂದನ್ನು ತೆರೆದಿತ್ತು. 1943ರಲ್ಲಿ ನೇಮಕಗೊಂಡು 1946ರಲ್ಲಿ ವರದಿಯನ್ನೊಪ್ಪಿಸಿದ ಸರ್ ಜೋಸೆಫ್ ಭೋರ್ ಅವರ ಸಮಿತಿಯು, ಅಂದಿನ ಭಾರತದಲ್ಲಿ ಸುಮಾರು 6,300 ಜನಕ್ಕೆ ಒಬ್ಬ ವೈದ್ಯನಿದ್ದರೆ ಸುಮಾರು 43,000 ಜನಕ್ಕೆ ಒಬ್ಬ ದಾದಿ ಮಾತ್ರ ಇರುವಳೆಂಬ ದಾರುಣವಾದ ಲೆಕ್ಕವನ್ನು ದೇಶದ ಮುಂದಿರಿಸಿ, ಹಳ್ಳಿಗಳ ನಡುವೆ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಸ್ಥಾಪಿಸಬೇಕೆಂದು ಸಲಹೆಯಿತ್ತಿತು. 1952ರಲ್ಲಿ ಸಮುದಾಯಾಭಿವೃದ್ಧಿ ಯೋಜನೆಯೊಡನೆ ಅಂಥ ಕೇಂದ್ರಗಳು ತಲೆಯೆತ್ತತೊಡಗಿದವು. ಈಗಿನ ನಿಯಮದಂತೆ ಬಯಲುಸೀಮೆಯಲ್ಲಿ 30,000, ಮಲೆನಾಡಿನಂಥ ದುರ್ಗಮ ಪ್ರದೇಶಗಳಲ್ಲಿ 20,000 ಜನಕ್ಕೆ ಒಂದು ಕೇಂದ್ರವಿರತಕ್ಕದ್ದು. ಅಲ್ಲಿಯ ಶುಶ್ರೂಷಕಿಗೆ ಮೂರು ವರ್ಷಗಳ ಡಿಪ್ಲೊಮಾ ಅಥವಾ ನಾಲ್ಕು ವರ್ಷಗಳ ಬಿ.ಎಸ್‌ಸಿ. ಶಿಕ್ಷಣವೂ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿಯೂ ಅವಶ್ಯ. ಪುರುಷರೂ ಈ ಹುದ್ದೆಯಲ್ಲಿದ್ದಾರೆ. ಹೆಚ್ಚಿನವರು ಮಹಿಳೆಯರಾದುದರಿಂದ ಇಲ್ಲಿ ಅವರನ್ನು ಕುರಿತೇ ಹೇಳುತ್ತಿದ್ದೇನೆ.

ಬೆಳಗಿನ ಕೆಲಸದಲ್ಲಿ ಅತ್ಯಂತ ಸಾಮಾನ್ಯವಾಗಿ ತೋರುವುದನ್ನೇ ನೋಡೋಣ. ರಕ್ತದೊತ್ತಡವನ್ನು ಅಳೆಯುವುದು ಯಾರಾದರೂ ಮಾಡಬಹುದಾದ ಕೆಲಸವೆಂದು ಅನೇಕರ ಎಣಿಕೆ. ಆದರೆ ಬಿಸಿಲಲ್ಲಿ ನಡೆದು ಬಂದವರನ್ನು ಐದು ನಿಮಿಷವಾದರೂ ಸುಮ್ಮನೆ ಕೂರಿಸದೆ, ಬೆನ್ನಿಗೆ ಆಸರೆಯಿಲ್ಲದ ಸ್ಟೂಲಿನ ಮೇಲೆ, ತೋಳನ್ನು ಜೋಲುಬಿಟ್ಟು, ಅಂಗಿಯ ಮೇಲೆಯೇ ಪಟ್ಟಿ ಸುತ್ತಿ, ನಡುವೆ ಮಾತನಾಡಿಸುತ್ತ ಅಳೆದರೆ ಬರುವ ಅಂಕಿ ನಿಜವಾದುದಕ್ಕಿಂತ ಹೆಚ್ಚಾಗುವ ಸಂಭವ ಬಹಳ. ಆ ಸುಳ್ಳಂಕಿಯನ್ನು ನಂಬಿ ಬರೆದ ಮಾತ್ರೆಯು ಆ ಮನುಷ್ಯನ ಜೊತೆ ವರ್ಷಗಟ್ಟಲೆ ನಡೆಯುತ್ತದೆ. ನುರಿತ ಶುಶ್ರೂಷಕಿಯು ತೋಳನ್ನು ಮೇಜಿನ ಮೇಲಿರಿಸಿ ಎದೆಯ ಮಟ್ಟಕ್ಕೆ ತಂದು, ತೋಳಿನ ಗಾತ್ರಕ್ಕೆ ತಕ್ಕ ಪಟ್ಟಿಯನ್ನಾಯ್ದು, ಅಂಕಿ ಹೆಚ್ಚಾಗಿ ಕಂಡರೆ ಕೊಂಚ ಹೊತ್ತು ಬಿಟ್ಟು ಮತ್ತೆ ನೋಡುತ್ತಾಳೆ. ಆ ಬಿಡುವಿನಲ್ಲಿಯೇ ಮುಖ್ಯವಾದ ಮಾತು ಹೊರಬರುವುದು. ‘ಮಾತ್ರೆ ದಿನಾ ನುಂಗ್ತಿದ್ದೀರಾ ತಾತ?’ ಎಂದು ಕೇಳಿದರೆ, ಒಳಗೆ ವೈದ್ಯರ ಮುಂದೆ ‘ಹೂಂ ಸ್ವಾಮಿ’ ಎಂದು ತಲೆಯಾಡಿಸಬಹುದಾದ ಮುದುಕನು ಇಲ್ಲಿ ‘ತಲೆಸುತ್ತು ನಿಂತೋಯ್ತಲ್ಲವ್ವ, ಅದ್ಕೇ ಬಿಟ್ಬುಟ್ಟೆ’ ಎನ್ನುತ್ತಾನೆ. ರೋಗಲಕ್ಷಣ ಅಡಗಿದೊಡನೆ ರೋಗವೇ ಹೋಯಿತೆಂದು ತಿಳಿಯುವುದು ಮನುಷ್ಯಸಹಜ. ಆ ಒಂದು ವಾಕ್ಯ ವೈದ್ಯರಿಗೆ ತಲುಪದಿದ್ದರೆ, ಮಾತ್ರೆಯಿಂದ ಗುಣವಾಗಲಿಲ್ಲವೆಂದು ಬಗೆದು ಇನ್ನೊಂದು ಮಾತ್ರೆಯನ್ನು ಸೇರಿಸುವುದಾಗುತ್ತದೆ. ಅದನ್ನು ಕೇಳಿ, ತಿಳಿದು, ಚೀಟಿಯ ಮೇಲೆ ಬರೆದು ಒಳಗೆ ಕಳುಹಿಸುವವಳ ಕೆಲಸವನ್ನು ರೋಗನಿರ್ಣಯದ ಭಾಗವಲ್ಲವೆಂದು ಹೇಳುವುದು ಹೇಗೆ?

ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟುವಾಗಲೂ ಹೀಗೆಯೇ. ಗಾಯದ ಅಂಚಿನ ಬಣ್ಣ, ವಾಸನೆ, ಮೊನ್ನೆಗಿಂತ ಇಂದು ಅದು ಆಳವಾಯಿತೇ ಎಂಬ ಹೋಲಿಕೆ, ಇವು ಪ್ರತಿ ಸಲವೂ ಅದೇ ಕಾಲನ್ನು ತನ್ನ ಎದುರಿಗಿರಿಸಿಕೊಂಡವಳಿಗೆ ಮಾತ್ರ ತಿಳಿಯತಕ್ಕವು.

ಲಸಿಕೆಯ ದಿನದಂದು ಆಕೆಯ ಕಣ್ಣಿಗೆ ಇನ್ನೊಂದು ಬಗೆಯ ಪರೀಕ್ಷೆ. ಸೀಸೆಯ ಮೇಲೆ ಬಣ್ಣದ ಒಂದು ಸಣ್ಣ ವೃತ್ತವೂ ಅದರೊಳಗೊಂದು ತಿಳಿಯಾದ ಚೌಕವೂ ಇರುತ್ತವೆ. ಬಿಸಿ ತಾಗಿದಷ್ಟೂ ಚೌಕವು ಕಪ್ಪಾಗುತ್ತ ಹೋಗಿ, ಸುತ್ತಲಿನ ವೃತ್ತದ ಬಣ್ಣಕ್ಕೆ ಸಮನಾಯಿತೆಂದರೆ ಆ ಲಸಿಕೆ ಕೆಲಸಕ್ಕೆ ಬಾರದು. ಲಸಿಕೆಗಳನ್ನು 2ರಿಂದ 8 ಡಿಗ್ರಿಗಳ ನಡುವೆ ಕಾಪಾಡಬೇಕು. ಕ್ಷಯದ ಮತ್ತು ದಡಾರದ ಲಸಿಕೆಗಳನ್ನು ದ್ರಾವಣದೊಡನೆ ಬೆರೆಸಿದ ಮೇಲೆ ನಾಲ್ಕು ಗಂಟೆಗಳೊಳಗೆ ಬಳಸಿ ಮುಗಿಸಬೇಕು. ಚುಚ್ಚಿದ ಮೇಲೆ ಮಗುವನ್ನು ಅರ್ಧ ಗಂಟೆ ಅಲ್ಲಿಯೇ ಇರಿಸಿಕೊಳ್ಳಬೇಕು. ಹೊರಡುವ ಆತುರದಲ್ಲಿರುವ ತಾಯಂದಿರನ್ನು ಆ ಅರ್ಧ ಗಂಟೆ ಕೂರಿಸಿ, ಇಂದು ಕೊಟ್ಟದ್ದು ಯಾವುದಕ್ಕೆ, ರಾತ್ರಿ ಜ್ವರ ಬಂದರೆ ಏನು ಮಾಡುವುದು, ಮತ್ತೆ ಬರುವುದು ಯಾವಾಗ ಎಂಬುದನ್ನು ತಾಯಿ ಕಾರ್ಡಿನ ಮೇಲೆ ಬೆರಳಿಟ್ಟು ತೋರಿಸುವ ತಾಳ್ಮೆಯೂ ಲಸಿಕೆಯಷ್ಟೇ ಬೆಲೆಯುಳ್ಳದ್ದು.

ಆದರೆ ಈ ವೃತ್ತಿಯ ಪೂರ್ಣಸ್ವರೂಪ ಕಾಣುವುದು ರಾತ್ರಿಯಲ್ಲಿ. 24 ಗಂಟೆಯೂ ತೆರೆದಿರುವ ಕೇಂದ್ರಗಳಲ್ಲಿ ಸರದಿಯ ಮೇಲೆ ದುಡಿಯುವ ಕೆಲವೇ ಶುಶ್ರೂಷಕಿಯರಲ್ಲಿ ಒಬ್ಬಳು, ವೈದ್ಯರು ಮನೆಗೆ ತೆರಳಿದ ಮೇಲೆ, ಆಯಾ ಒಬ್ಬಳ ಜೊತೆಯಲ್ಲಿ ಇಡೀ ಕಟ್ಟಡಕ್ಕೆ ಹೊಣೆಯಾಗಿ ಉಳಿಯುತ್ತಾಳೆ. ಹೆರಿಗೆಗೆಂದು ಬಂದವಳ ಗರ್ಭಕಂಠವು ನಾಲ್ಕು ಸೆಂಟಿಮೀಟರಿನಷ್ಟು ತೆರೆದಲ್ಲಿಂದ ಆಕೆ ಪಾರ್ಟೋಗ್ರಾಫ್ ಎಂಬ ಗೆರೆಹಾಳೆಯನ್ನು ತುಂಬತೊಡಗುತ್ತಾಳೆ. ಅರ್ಧ ಗಂಟೆಗೊಮ್ಮೆ ಮಗುವಿನ ಎದೆಬಡಿತ, ತಾಯಿಯ ನಾಡಿ, ಹತ್ತು ನಿಮಿಷಗಳಲ್ಲಿ ನೋವು ಎಷ್ಟು ಸಲ ಬಂತು, ಎಷ್ಟು ಸೆಕೆಂಡು ಇತ್ತು ಎಂಬ ಲೆಕ್ಕ. ನಾಲ್ಕು ಗಂಟೆಗೊಮ್ಮೆ ಗರ್ಭಕಂಠದ ಪರೀಕ್ಷೆ. ಹಾಳೆಯ ಮೇಲೆ ಗಂಟೆಗೊಂದು ಸೆಂಟಿಮೀಟರಿನಂತೆ ಮೇಲೇರುವ ಎಚ್ಚರಿಕೆಯ ಗೆರೆಯೊಂದುಂಟು. ಆಕೆ ಇಟ್ಟ ಗುರುತುಗಳು ಆ ಗೆರೆಯನ್ನು ದಾಟಿ ಬಲಕ್ಕೆ ಸರಿದರೆ, ಹೆರಿಗೆ ನಿಧಾನವಾಗುತ್ತಿದೆಯೆಂದೂ, ಶಸ್ತ್ರಚಿಕಿತ್ಸೆಯ ಸೌಕರ್ಯವುಳ್ಳ ಆಸ್ಪತ್ರೆಗೆ ಸಾಗಿಸುವ ಸಿದ್ಧತೆ ನಡೆಯಬೇಕೆಂದೂ ಅರ್ಥ. ‘ಇನ್ನೊಂದು ಗಳಿಗೆ ನೋಡುವಾ ಕಣಮ್ಮ, ನನಗೂ ಹಿಂಗೇ ಆಗಿತ್ತು’ ಎನ್ನುವ ಅತ್ತೆಯನ್ನು ಒಪ್ಪಿಸಿ, ವೈದ್ಯರಿಗೆ ಫೋನಾಯಿಸಿ, 108ರ ವಾಹನವನ್ನು ಕರೆಸಿ, ಆ ಹಾಳೆಯನ್ನೂ ಜೊತೆಗೆ ಕಳುಹಿಸುವ ನಿರ್ಧಾರವು ಬಹುಮಟ್ಟಿಗೆ ಆಕೆಯ ವಿವೇಕವನ್ನೇ ಅವಲಂಬಿಸಿದೆ. ಹೆರಿಗೆ ಅಲ್ಲಿಯೇ ಸುಸೂತ್ರವಾದರೆ, ಒಳಗೆ ಇನ್ನೊಂದು ಮಗುವಿಲ್ಲವೆಂದು ಹೊಟ್ಟೆ ಮುಟ್ಟಿ ಖಚಿತಪಡಿಸಿಕೊಂಡು, ಒಂದು ನಿಮಿಷದೊಳಗಾಗಿ ತಾಯಿಗೆ ಹತ್ತು ಯೂನಿಟ್ ಆಕ್ಸಿಟೋಸಿನ್ ಚುಚ್ಚಬೇಕು. ಬಾಣಂತಿಯರ ಪ್ರಾಣ ತೆಗೆಯುತ್ತಿದ್ದ ರಕ್ತಸ್ರಾವವನ್ನು ತಡೆಯುವಲ್ಲಿ ಇಷ್ಟು ಸರಳವಾದ, ಇಷ್ಟು ಫಲಕಾರಿಯಾದ ಉಪಾಯ ಮತ್ತೊಂದು ವಿರಳ. ಮಗುವನ್ನು ಒರೆಸಿ ತಾಯಿಯ ಮೈಗೆ ಒರಗಿಸಿ, ಒಂದು ಗಂಟೆಯೊಳಗೆ ಹಾಲೂಡಿಸಿದ ಮೇಲೆಯೂ ಶುಶ್ರೂಷಕಿಗೆ ನಿದ್ರೆಯಿಲ್ಲ. ಗರ್ಭಕೋಶ ಗಟ್ಟಿಯಾಗಿದೆಯೇ, ಬಟ್ಟೆ ಎಷ್ಟು ನೆನೆದಿದೆ ಎಂಬುದನ್ನು ಹದಿನೈದು ನಿಮಿಷಕ್ಕೊಮ್ಮೆ ನೋಡುತ್ತಿರಬೇಕು.

ಇಷ್ಟನ್ನು ಹೊತ್ತವರಲ್ಲಿ ಹಲವರು ರಾಷ್ಟ್ರೀಯ ಆರೋಗ್ಯ ಅಭಿಯಾನದ ಅಡಿಯಲ್ಲಿ ಗುತ್ತಿಗೆಯ ಮೇಲೆ ನೇಮಕಗೊಂಡವರು; ಒಂದೇ ಕೋಣೆಯಲ್ಲಿ ಅದೇ ಕೆಲಸವನ್ನು ಮಾಡುವ ಕಾಯಂ ನೌಕರರಿಗಿಂತ ಅವರ ವೇತನ ಕಡಮೆ. ಗುತ್ತಿಗೆ ಮುಗಿದೋ ಬೇರೆಡೆ ಒಳ್ಳೆಯ ಸಂಬಳ ದೊರೆತೋ ಅಂಥವಳೊಬ್ಬಳು ಹೊರಟುಹೋದರೆ, ಯಾವ ಮನೆಯ ಸೊಸೆಗೆ ಹಿಂದಿನ ಹೆರಿಗೆಯಲ್ಲಿ ರಕ್ತ ಹೋಗಿತ್ತು, ಯಾವ ಮುದುಕ ಮಾತ್ರೆಯನ್ನು ಬಚ್ಚಿಡುತ್ತಾನೆ ಎಂಬ ತಿಳಿವಳಿಕೆಯೆಲ್ಲ ಆಕೆಯೊಡನೆ ಹೊರಟುಹೋಗುತ್ತದೆ. ರಿಜಿಸ್ಟರಿನಲ್ಲಿ ಉಳಿಯುವುದು ಅದರ ಅಲ್ಪಾಂಶ ಮಾತ್ರ. ಸರ್ಕಾರವು ಇದನ್ನು ವೆಚ್ಚದ ಪ್ರಶ್ನೆಯೆಂದಷ್ಟೇ ನೋಡುವುದು ನನಗೆ ಸರಿಯೆನಿಸುವುದಿಲ್ಲ.

ಆದರೂ ಕಾಲ ಬದಲಾಗುತ್ತಿರುವ ಲಕ್ಷಣಗಳಿಲ್ಲದಿಲ್ಲ. 2018ರಿಂದೀಚೆಗೆ, 5,000 ಜನಕ್ಕೊಂದರಂತಿರುವ ಉಪಕೇಂದ್ರಗಳಲ್ಲಿ ಅನೇಕವು ಕ್ಷೇಮಕೇಂದ್ರಗಳಾಗಿ ಮಾರ್ಪಟ್ಟು, ಶುಶ್ರೂಷಾ ಪದವಿಯ ಜೊತೆಗೆ ಆರು ತಿಂಗಳ ವಿಶೇಷ ತರಬೇತಿಯನ್ನು ಪಡೆದವರು ಸಮುದಾಯ ಆರೋಗ್ಯ ಅಧಿಕಾರಿಗಳಾಗಿ ಅಲ್ಲಿ ಕುಳಿತಿದ್ದಾರೆ. ಮೂವತ್ತು ದಾಟಿದವರೆಲ್ಲರ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಪರೀಕ್ಷಿಸುವುದು, ಬಾಯಿ ತೆರೆಸಿ ಎಲೆಯಡಿಕೆ ಹೊಗೆಸೊಪ್ಪು ಜಗಿಯುವವರ ಕೆನ್ನೆಯೊಳಗಿನ ಬಿಳಿಯ ಮಚ್ಚೆಗಳನ್ನು ಹುಡುಕುವುದು, ವೈದ್ಯರು ಆರಂಭಿಸಿದ ಮಾತ್ರೆಯನ್ನು ತಿಂಗಳು ತಿಂಗಳು ಮುಂದುವರಿಸಿ ಕೊಡುವುದು ಅವರ ಹೊಣೆ. ಸಂದೇಹ ಬಂದಾಗ ದೂರದ ವೈದ್ಯರನ್ನು ದೂರಸಂಪರ್ಕದ ಪರದೆಯ ಮೇಲೆ ಕರೆಯುವವರೂ, ರೋಗಿಯ ಮೈಮುಟ್ಟಿ ಕಂಡುದನ್ನು ಆ ವೈದ್ಯರಿಗೆ ವಿವರಿಸುವವರೂ ಅವರೇ.